ದೀಪದ ಗೆರೆ ಬಿದ್ದ ಮುಖ

ನಿಮ್ಮ ತಾತ ಕಡಯಂಪಟ್ಟಿಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಅದು ಫಿಲ್ಮ್ ರೋಲಿನ ಕಾಲ. ಲೆನ್ಸಿನ ಮುಂದೆ ತಿರುಗಿಸಿ ಹಾಕುವ ಗಾಜಿನ ಬಿಲ್ಲೆಗಳು ಅವರ ಹತ್ತಿರ ಕೆಲವು ಇದ್ದವು. ಫಿಲ್ಟರ್ ಎನ್ನುತ್ತಿದ್ದರು. ಒಂದನ್ನು ಹಾಕಿದರೆ ಮದುಮಗಳ ಸುತ್ತ ಅವಳದೇ ಮುಖಗಳು ಹೂವಿನ ಎಸಳಿನಂತೆ ಬರುತ್ತಿದ್ದವು. ಇನ್ನೊಂದು, ಮಧ್ಯಾಹ್ನದ ಬಾನನ್ನು ಸಂಜೆಯ ಹಾಗೆ ಕೆಂಪು ಮಾಡುತ್ತಿತ್ತು. ಆದರೆ ಜನ ಕೇಳುತ್ತಿದ್ದುದು ನಕ್ಷತ್ರದ ಫಿಲ್ಟರನ್ನೇ. ಅದನ್ನು ಹಾಕಿದರೆ ದೀಪ, ಒಡವೆ, ಎಲ್ಲಿ ಹೊಳಪಿದ್ದರೂ ಅಲ್ಲಿಂದ ನಾಲ್ಕೂ ಕಡೆ ಬೆಳಕಿನ ಗೆರೆ ಹೊರಡುತ್ತಿತ್ತು.

ಕಾರಿಮಂಗಲಂನ ಒಂದು ಮದುವೆಯಲ್ಲಿ ಅದು ಕೈಜಾರಿ ಒಡೆಯಿತು. ಮನೆಗೆ ಬಂದು, ಗಾಜು ಹೋಗಿ ಉಳಿದ ಫಿಲ್ಟರಿನ ಬಳೆಯನ್ನು ತಿರುಗಿಸುತ್ತಾ ಕುಳಿತುಬಿಟ್ಟರು. ನಾನು ಹೊಸ ಸೊಸೆ, ಅವರೆದುರು ಬಾಯಿ ಬಿಡಲೂ ನಾಚಿಕೆ. ನನ್ನ ತವರು, ಅತ್ತೆಮನೆ ಎರಡೂ ಸೇಲಂ ಕಡೆಯ ನೇಕಾರರ ಮನೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಒಂದಿಷ್ಟು ರೇಷ್ಮೆ ಎಳೆ ತಂದು, ನನ್ನ ಬೆರಳು ದಪ್ಪ, ನೀನು ಕಟ್ಟಿಕೊಡು ಎಂದರು. ಮಗ್ಗದ ಹಾಸಿನ ಎಳೆ ಹೊಸೆಯುವಾಗ ಮಾಡುವಂತೆ ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಆ ಬಳೆಗೆ ಉದ್ದಕ್ಕೂ ಅಡ್ಡಕ್ಕೂ ಎಳೆ ಬಿಗಿದೆ. ಅದನ್ನು ಕ್ಯಾಮೆರಾಕ್ಕೆ ಹಾಕಿ ದೀಪದ ಕಡೆ ಹಿಡಿದರು.

“ಇವ್ಳೆ, ಬಾ ಇಲ್ಲಿ. ಗೆರೆ ಬಂದೈತೆ, ನೋಡು.”

ಕ್ಯಾಮೆರಾದೊಳಗೆ ನಾನು ಇಣುಕಿ ನೋಡಿದ್ದು ಅದೇ ಮೊದಲು.

ಆಮೇಲೆ ಎಲ್ಲ ಮದುವೆಗೂ ನನ್ನ ಎಳೆಯೇ. ಕಂಬೈನಲ್ಲೂರಿನ ಒಬ್ಬ ತಾಯಿ ಆಲ್ಬಮ್ ನೋಡಿ ತಲೆಯ ಮೇಲೆ ಕೈಹೊತ್ತಳು. “ಗಾಜಿನ ಮೂಗುಬೊಟ್ಟನ್ನ ವೈರ ಮಾಡ್ಬುಟ್ಯಲ್ಲಣ್ಣ. ನಾಳೆ ಬೀಗ್ರು ಕೇಳುದ್ರೆ ಎಲ್ಲಿಂದ ತರ್ಲಿ?” ಗಾಜು ವಜ್ರವಾದದ್ದನ್ನು ಹೇಳಿಕೊಂಡು ಇವರು ಎಷ್ಟೋ ದಿನ ನಗುತ್ತಿದ್ದರು.

ಊರಿಗೆಲ್ಲ ಫೋಟೋ ತೆಗೆದವರ ಫೋಟೋ ಮನೆಯಲ್ಲಿ ಇದ್ದದ್ದು ಒಂದೇ. ಒಂದು ಕಾರ್ತಿಕ ದೀಪದ ದಿನ ನನ್ನ ಎಳೆಯ ಬಳೆ ಹಾಕಿದ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ನಿಲ್ಲಿಸಿ, ಟೈಮರ್ ಒತ್ತಿ, ಓಡಿಬಂದು ದೀಪದ ಸಾಲಿನ ಹಿಂದೆ ಕುಳಿತರು. ನನ್ನನ್ನೂ ಕರೆದರು. ನಾನು ಬಾಗಿಲ ಹಿಂದೆ ಸರಿದೆ. ಓಡುವಾಗ ಪಂಚೆ ಕಾಲಿಗೆ ಸಿಕ್ಕಿದ್ದಕ್ಕೆ ನಗು, ಆ ನಗುವೇ ಫೋಟೋದಲ್ಲಿ ನಿಂತಿತು. ಒಂದು ದೀಪದ ಗೆರೆ ಅವರ ಎಡಗೆನ್ನೆ ಹಾದು ಹುಬ್ಬಿನವರೆಗೂ ಹೋಗಿತ್ತು. ಆ ಗೆರೆಯೊಳಗೇ, ಚಿಕ್ಕವರಿದ್ದಾಗ ಮಗ್ಗದ ಲಾಳಿ ಹಾರಿ ಬಡಿದ ಕಲೆಯೂ ಕಾಣುತ್ತಿತ್ತು. ನಕ್ಕಾಗ ಆ ಕಲೆ ಮಡಿಚಿಕೊಳ್ಳುತ್ತಿತ್ತು.

ನಿಮ್ಮ ಅಮ್ಮ ಮೂರನೇ ಕ್ಲಾಸಿನಲ್ಲಿದ್ದಾಗ ಇವರು ಜ್ವರ ಬಂದು ತೀರಿಹೋದರು. ಫಿಲ್ಮುಗಳೆಲ್ಲ ಒಂದಕ್ಕೊಂದು ಅಂಟಿ ಹಾಳಾದವು. ಆ ಫೋಟೋವನ್ನೇ ಕಟ್ಟು ಹಾಕಿಸಿ ದಿನಾ ಹೂವಿಟ್ಟೆ.

ಹೋದ ವರ್ಷ ತಿಥಿಗೆ ನನಗೆ ಸಂತೋಷವಾಗಲೆಂದು ನಿಮ್ಮ ಅಮ್ಮ ಅದನ್ನು ಹೇಳದೆ ತೆಗೆದುಕೊಂಡು ಹೋಗಿ ದೊಡ್ಡದು ಮಾಡಿಸಿದಳು. ನಗುನಗುತ್ತಾ ತಂದು ಗೋಡೆಗೆ ಹಾಕಿದಳು.

“ನೋಡಮ್ಮ, ಅಪ್ಪನ ಮುಖದ ಮೇಲಿದ್ದ ಗೆರೆನೆಲ್ಲ ತೆಗ್ಸಿವ್ನಿ. ಕಂಪ್ಯೂಟರ್‌ನಾಗೆ ಎಷ್ಟು ಅಚ್ಚುಕಟ್ಟಾಗಿ ಮಾಡವ್ರೆ.”

ಗೆರೆ ತೆಗೆದ ಜಾಗಕ್ಕೆ ನುಣ್ಣನೆಯ ಕೆನ್ನೆ ತುಂಬಿದ್ದರು. ಕಲೆ ಇರಲಿಲ್ಲ. ಕಣ್ಣಿನ ಪಕ್ಕದ ಮಡಿಕೆಯೂ ಇರಲಿಲ್ಲ. ಬಾಯಿ ನಗುತ್ತಿತ್ತು, ಮುಖ ನಗುತ್ತಿರಲಿಲ್ಲ.

ಹಳೆಯದು ಎಲ್ಲಿ ಎಂದೆ. ಗಾಜಿಗೆ ಅಂಟಿಕೊಂಡಿತ್ತಂತೆ. ಕಂಪ್ಯೂಟರಿಗೆ ಇಳಿಸಿಕೊಂಡ ಮೇಲೆ ಬಿಡಿಸಲು ಹೋಗಿ ಹರಿಯಿತಂತೆ, ಚೂರುಗಳನ್ನು ಅಂಗಡಿಯವರೇ ಎಸೆದರಂತೆ. ಕಂಪ್ಯೂಟರಿನಲ್ಲೂ ಕೊನೆಗೆ ಉಳಿದದ್ದು ಸರಿಮಾಡಿದ್ದು ಮಾತ್ರ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಅಪ್ಪನ ಮುಖ ಅವಳಿಗೂ ಸರಿಯಾಗಿ ನೆನಪಿಲ್ಲ.

“ಚೆನ್ನಾಗೈತೆ ಕಣಮ್ಮ” ಎಂದೆ. ಒಳಗೆ ಹೋಗಿ ಒಲೆಯ ಮುಂದೆ ಕುಳಿತೆ.

ಮಕ್ಕಳೇ, ಅಮ್ಮನ ಮೇಲೆ ಬೇಸರ ಮಾಡಿಕೊಳ್ಳಬೇಡಿ. ಅವಳು ಪ್ರೀತಿಯಿಂದಲೇ ಮಾಡಿದಳು. ಆದರೆ ಗೋಡೆಯ ಮೇಲಿರುವುದು ನಿಮ್ಮ ತಾತನಲ್ಲ. ಇದನ್ನು ಹೇಳಲು ನನ್ನನ್ನು ಬಿಟ್ಟರೆ ಇನ್ನು ಯಾರೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈಗೀಗ ಕಣ್ಣು ಮುಚ್ಚಿದರೆ ನನಗೂ ಆ ನುಣುಪು ಮುಖವೇ ಮೊದಲು ಬರುತ್ತದೆ. ಅದನ್ನು ಪಕ್ಕಕ್ಕೆ ಸರಿಸಿ ಇವರನ್ನು ಹುಡುಕಬೇಕು. ಮೊದಲೆಲ್ಲ ಬೇಗ ಸಿಗುತ್ತಿದ್ದರು. ನಿನ್ನೆ ಸಿಗಲಿಲ್ಲ.