ನಾರಾದಲ್ಲಿ ಚಪ್ಪಲಿ ಕಾದದ್ದು

ಫೋಟೋ ತೆಗೆಯುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ. ಮನೆಯವರು ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಿಕೊಳ್ಳಬೇಕಾಗಿದೆ. ಮೆಲ್ಬರ್ನ್‌ನ ಡಾಕ್‌ಲ್ಯಾಂಡ್ಸ್‌ನಲ್ಲಿ ಒಂದು ಬ್ಯಾಂಕಿನ ಐಟಿ ಕೆಲಸ ನನ್ನದು. ಊಟದ ಬಿಡುವಿನಲ್ಲಿ ಟ್ರ್ಯಾಮ್ ಹತ್ತಿ ಹೋಗಿ ಹಳೆಯ ಚರ್ಚು, ಹಳೆಯ ರೈಲ್ವೆ ನಿಲ್ದಾಣ, ಚೀನೀಯರ ಹಳೆಯ ದೇವಸ್ಥಾನ ಎಂದು ಕಂಡದ್ದನ್ನೆಲ್ಲ ತೆಗೆದು ತೆಗೆದು ಕೈ ಪಳಗಿದೆ. ನನ್ನದು ಒಂದೇ ನಿಯಮ. ಕಟ್ಟಡದ ಫೋಟೋದಲ್ಲಿ ಮನುಷ್ಯರು ಇರಬಾರದು. ಅವರೆಲ್ಲ ಚದುರುವವರೆಗೆ ನಾನು ಕಾಯುತ್ತೇನೆ. ಕೊಡೆ ಹಿಡಿದವಳು ಹೋಗಲಿ, ಸೆಲ್ಫಿಯವರು ಹೋಗಲಿ, ಕೊನೆಗೆ ಗಂಡನೂ ಪಕ್ಕಕ್ಕೆ ಸರಿಯಲಿ ಎಂದು ಕಾದು ಆಮೇಲೆ ಕ್ಲಿಕ್ ಮಾಡುತ್ತೇನೆ.

ಹೀಗಾಗಿ ಬ್ಯಾಂಕಿನವರು ಒಂದು ಪ್ರಾಜೆಕ್ಟಿಗಾಗಿ ಕೆಲವು ತಿಂಗಳು ಜಪಾನಿನ ಒಸಾಕಾದಲ್ಲಿರಬೇಕು ಎಂದಾಗ ನಾನು ಎರಡನೆಯ ಮಾತಾಡಲಿಲ್ಲ. ಒಸಾಕಾದಿಂದ ಹಳೆಯ ಗುಡಿಗಳ ಊರುಗಳಾದ ಕ್ಯೋಟೋಗೂ ನಾರಾಗೂ ಲೋಕಲ್ ರೈಲಿನಲ್ಲೇ ಹೋಗಿಬರಬಹುದು. ಶನಿವಾರ ಭಾನುವಾರ ಬಂತೆಂದರೆ ನಾನು, ನನ್ನ ಕ್ಯಾಮೆರಾ. ಕೊನೆಯ ಕೆಲವು ವಾರಗಳಿಗೆ ಅಮ್ಮನನ್ನೂ ಕರೆಸಿಕೊಂಡೆ.

ಕರೆಸಿಕೊಂಡದ್ದಕ್ಕೆ ಒಂದು ಕಾರಣವಿತ್ತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಮೈಸೂರು ಬಿಟ್ಟು ಆಸ್ಟ್ರೇಲಿಯಾಕ್ಕೆ ಬಂದಳು. ಅಲ್ಲೇ ಕಾಯಂ ಆಗಿ ಇರಲು ಪಿಆರ್ ಕೂಡ ಆಯಿತು. ಆರು ತಿಂಗಳು ಮೆಲ್ಬರ್ನ್‌ನಲ್ಲಿ ನನ್ನ ಮನೆ, ಆರು ತಿಂಗಳು ಸಿಡ್ನಿಯಲ್ಲಿ ತಮ್ಮನ ಮನೆ, ಹೀಗೆ ನಡೆದಿತ್ತು. ಒಂದು ದಿನ ಅವಳು ಇಬ್ಬರನ್ನೂ ಒಂದೇ ವಿಡಿಯೋ ಕಾಲ್‌ನಲ್ಲಿ ಕೂರಿಸಿಕೊಂಡು, "ಈ ಸೂಟ್‌ಕೇಸ್ ತುಂಬೋದು ಬಿಚ್ಚೋದು ನಂಗೆ ಸಾಕಾಗಿದೆ ಕಣ್ರೋ. ಇನ್ಮೇಲೆ ಒಂದೇ ಕಡೆ ಇರ್ತೀನಿ. ಯಾರ ಮನೆ ಅಂತ ಯೋಚನೆ ಮಾಡಿ ಹೇಳ್ತೀನಿ" ಎಂದಳು.

ನನಗೆ ಅನುಮಾನವೇ ಇರಲಿಲ್ಲ. ತಮ್ಮನದು ಮ್ಯಾಕ್ವೆರಿ ಪಾರ್ಕ್ ಹತ್ತಿರ ಒಂದು ಯುನಿಟ್, ಅಂದರೆ ಸಣ್ಣ ಫ್ಲ್ಯಾಟು. ಬಾಲ್ಕನಿಯಲ್ಲಿ ಎರಡು ತುಳಸಿ ಕುಂಡ ಇಟ್ಟರೆ ನಿಲ್ಲಲು ಜಾಗವಿಲ್ಲ. ನನ್ನದು ಮೆಲ್ಬರ್ನ್ ಹೊರವಲಯದ ಪಾಯಿಂಟ್ ಕುಕ್‌ನಲ್ಲಿ ಹಿತ್ತಲಿರುವ ಮನೆ. ಕೆಳಗಡೆಯೇ ಅಮ್ಮನಿಗೆ ಒಂದು ರೂಮು, ಅದಕ್ಕೆ ಹೊಂದಿಕೊಂಡೇ ಬಚ್ಚಲು. ಸಾಲದ್ದಕ್ಕೆ ನಾನು ಮಗಳು. ನನಗೆ ಅಮ್ಮ ಬೇಕಿತ್ತು, ಅಷ್ಟೇ. ಆಫೀಸಿನಿಂದ ಬಂದಾಗ ಒಗ್ಗರಣೆಯ ವಾಸನೆ ಬರುವ ಮನೆ ಬೇಕಿತ್ತು. ಜಪಾನ್ ತೋರಿಸಿದರೆ ಅಮ್ಮನ ತೀರ್ಮಾನ ಗಟ್ಟಿಯಾಗುತ್ತದೆ ಎಂದು ಲೆಕ್ಕ ಹಾಕಿದೆ. ಬೇಕಾದರೆ ಅದನ್ನು ಲಂಚ ಎನ್ನಿ.

ಕ್ಯೋಟೋದ ಮೊದಲನೇ ದೇವಸ್ಥಾನದಲ್ಲೇ ತೊಡಕು ಬಂತು. ಜಪಾನಿನ ಎಷ್ಟೋ ಗುಡಿಗಳಲ್ಲಿ ನಮ್ಮ ಹಾಗೆಯೇ ಪಾದರಕ್ಷೆ ಬಿಟ್ಟು ಒಳಗೆ ಹೋಗಬೇಕು. ಬಾಗಿಲಲ್ಲಿ ಮರದ ಗೂಡುಗಳಿರುತ್ತವೆ, ಇಲ್ಲವೇ ಕೈಯಲ್ಲಿ ಹಿಡಿದುಕೊಳ್ಳಲು ಪ್ಲಾಸ್ಟಿಕ್ ಚೀಲ ಕೊಡುತ್ತಾರೆ. ಅಮ್ಮ ಗೂಡನ್ನೂ ನೋಡಿದಳು, ಚೀಲವನ್ನೂ ನೋಡಿದಳು. ಎರಡೂ ಅವಳಿಗೆ ಒಪ್ಪಿಗೆಯಾಗಲಿಲ್ಲ.

"ನೀನು ಹೋಗಿ ನೋಡ್ಕೊಂಡು ಬಾ. ನಾನು ಚಪ್ಪಲಿ ನೋಡ್ಕೋತೀನಿ."

"ಅಮ್ಮ, ಇದು ಜಪಾನ್. ಇಲ್ಲಿ ಪರ್ಸ್ ಬಿಟ್ಟು ಹೋದ್ರೂ ಅಲ್ಲೇ ಇರುತ್ತೆ."

"ಇರಬಹುದು. ಇಲ್ದೇ ಹೋದ್ರೆ?"

"ಹಾಗಾದ್ರೆ ಚೀಲದಲ್ಲಿ ಹಾಕಿ ಒಳಗೆ ತಗೊಂಡು ಹೋಗೋಣ."

"ಚಪ್ಪಲಿ ಕಂಕುಳಲ್ಲಿ ಇಟ್ಕೊಂಡು ದೇವರ ಮುಂದೆ ನಿಲ್ಲಲಾ?" ಎಂದು ಅಮ್ಮ ನನ್ನನ್ನು ನೋಡಿದ ನೋಟಕ್ಕೆ ನಾನು ಚೀಲವನ್ನು ವಾಪಸು ಇಟ್ಟೆ.

ನಮ್ಮ ಮನೆತನದಲ್ಲಿ ಚಪ್ಪಲಿ ಕಾಯುವುದು ಒಂದು ಹುದ್ದೆ. ನಾನು ಚಿಕ್ಕವಳಿದ್ದಾಗ ರಜ ಬಂದರೆ ವ್ಯಾನು ತುಂಬ ಜನ ಮೈಸೂರಿನಿಂದ ದೇವಸ್ಥಾನಗಳಿಗೆ ಹೊರಡುತ್ತಿದ್ದೆವು. ಒಂದು ಸಲ ಅಪ್ಪನ ಹೊಸ ಚಪ್ಪಲಿಯನ್ನು ಯಾರೋ ಹೊತ್ತೊಯ್ದರು. ಅಪ್ಪ ಬರಿಗಾಲಲ್ಲಿ ಊರು ಸೇರಿ ದೊಡ್ಡ ರಂಪ ಮಾಡಿದರು. ಆವತ್ತಿನಿಂದ ಅಜ್ಜಿ ಆ ಹುದ್ದೆಯನ್ನು ಸೊಸೆಗೆ, ಅಂದರೆ ನಮ್ಮಮ್ಮನಿಗೆ ವಹಿಸಿಕೊಟ್ಟರು. ನಾವೆಲ್ಲ ಒಳಗೆ ಹೋಗುವುದು, ಅಮ್ಮ ಹೊರಗೆ ಚಪ್ಪಲಿ, ಚೀಲ, ನೀರಿನ ಕೂಜ ಇಟ್ಟುಕೊಂಡು ಕೂರುವುದು. ಶ್ರವಣಬೆಳಗೊಳಕ್ಕೆ ಹೋದಾಗಲೂ ಅವಳು ಬೆಟ್ಟದ ಬುಡದಲ್ಲೇ ಉಳಿದಳು. "ದೂರದಿಂದ ಗೊಮ್ಮಟನ ತಲೆ ಕಾಣ್ತಿತ್ತಲ್ಲ" ಎಂದು ಈಗಲೂ ಹೇಳುತ್ತಾಳೆ.

ಕ್ಯೋಟೋದಲ್ಲಿ ಅಮ್ಮ ಆ ಹುದ್ದೆಗೆ ಮತ್ತೆ ಹಾಜರಾದಳು. ಬಾಗಿಲ ಬಳಿ ಒಂದು ಬೆಂಚು ಹಿಡಿದು, ಸೀರೆಯ ಮೇಲೆ ನನ್ನ ಹಳೆಯ ಜಾಕೆಟ್ ಹಾಕಿಕೊಂಡು, ಫ್ಲಾಸ್ಕಿನ ಕಾಫಿ ಪಕ್ಕಕ್ಕಿಟ್ಟುಕೊಂಡು, ನನ್ನ ಶೂಸ್ ಮೇಲೆ ಕಣ್ಣಿಟ್ಟು ಕೂರುತ್ತಿದ್ದಳು. ನನ್ನದು ಮಾತ್ರವಲ್ಲ, ಅಲ್ಲಿ ಬಿಟ್ಟವರೆಲ್ಲರದೂ ಅವಳ ಜವಾಬ್ದಾರಿಯೇ. ಒಬ್ಬ ಮುದುಕಿ ಕೊಡೆಯನ್ನು ಬಾಗಿಲಲ್ಲೇ ಒರಗಿಸಿ ಒಳಗೆ ಹೋದಳೆಂದು, ಆಕೆ ಬರುವವರೆಗೂ ನನ್ನನ್ನು ಅಲುಗಾಡಲು ಬಿಡಲಿಲ್ಲ. ಬಂದವರು ಅಮ್ಮನನ್ನು ಅಲ್ಲಿಯ ಸಿಬ್ಬಂದಿ ಎಂದುಕೊಂಡು ತಲೆಬಾಗಿ ನಮಸ್ಕರಿಸುತ್ತಿದ್ದರು. ಅಮ್ಮನೂ ಗಂಭೀರವಾಗಿ ಕೈ ಮುಗಿಯುತ್ತಿದ್ದಳು.

ಸುಳ್ಳು ಹೇಳುವುದೇಕೆ, ಅದು ನನಗೆ ಅನುಕೂಲವೇ ಆಗಿತ್ತು. ಜೊತೆಯಲ್ಲಿ ಯಾರೂ ಇಲ್ಲದಿದ್ದರೆ ಬೆಳಕಿಗಾಗಿ ಕಾಯಬಹುದು. ಕಪ್ಪಾದ ಮರದ ಕಂಬಗಳು, ಗೀರೆಳೆದ ಮರಳಿನ ಅಂಗಳ, ಕೆಂಪಿಗೆ ತಿರುಗಿದ ಮೇಪಲ್ ಎಲೆಗಳ ಹಿಂದೆ ಇಳಿಜಾರು ಮಾಡು, ಎಲ್ಲವೂ ನಾನು ಬಯಸಿದ ಹಾಗೆ ಬಂದವು. ಒಂದು ನರಪಿಳ್ಳೆಯೂ ಇಲ್ಲ. ಒಂದು ಮಾತ್ರ ಬಾಕಿ ಇತ್ತು, ನಾರಾದ ದೊಡ್ಡ ಬುದ್ಧ. ಬಹಳಷ್ಟು ಗುಡಿಗಳಲ್ಲಿ ಒಳಗಿನ ಮೂರ್ತಿಯ ಫೋಟೋ ತೆಗೆಯಲು ಬಿಡುವುದಿಲ್ಲ. ಇಲ್ಲಿ ಬಿಡುತ್ತಾರೆ. ಅಷ್ಟು ದೊಡ್ಡ ಕಂಚಿನ ಬುದ್ಧನನ್ನು, ಮುಚ್ಚುವ ಹೊತ್ತಿಗೆ ಜನ ಕರಗಿದ ಮೇಲೆ, ಬಾಗಿಲಿಂದ ಓರೆಯಾಗಿ ಬರುವ ಬೆಳಕಿನಲ್ಲಿ ತೆಗೆಯಬೇಕೆಂದು ಮೆಲ್ಬರ್ನ್ ಬಿಡುವ ಮೊದಲೇ ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದೆ. ಹಾಗಾಗಿ ಅದನ್ನು ಕಡೆಯ ದಿನಕ್ಕೆ ಉಳಿಸಿಕೊಂಡೆ. ಮಾರನೆಯ ದಿನ ನಮ್ಮ ವಿಮಾನ.

ವಿಚಿತ್ರವೆಂದರೆ ಈ ಒಂದನ್ನು ನೋಡಬೇಕೆಂದು ಅಮ್ಮನೇ ಬಾಯಿಬಿಟ್ಟು ಕೇಳಿದಳು. ರೈಲಿನಲ್ಲಿ ಕೂತಾಗ, "ಗೊಮ್ಮಟನಷ್ಟು ದೊಡ್ಡವನೇನೇ ಅವನು?" ಎಂದಳು.

"ಅಷ್ಟು ಎತ್ತರ ಇಲ್ಲಮ್ಮ. ಆದ್ರೆ ಇವನು ಕೂತಿದ್ದಾನೆ."

"ಹಾಗಾದ್ರೆ ಇವನನ್ನ ಒಳಗೆ ಹೋಗಿ ನೋಡ್ಬೇಕು" ಎಂದಳು. ನನಗೆ ಖುಷಿಯಾಯಿತು. ಏಕೆಂದರೆ ಆ ಗುಡಿಗೆ ಶೂಸ್ ಹಾಕಿಕೊಂಡೇ ಹೋಗಬಹುದೆಂದು ನಾನು ಮೊದಲೇ ಓದಿಕೊಂಡಿದ್ದೆ. ಬಿಡುವ ಪ್ರಶ್ನೆಯೇ ಇಲ್ಲ ಎಂದ ಮೇಲೆ ಕಾಯುವ ಪ್ರಶ್ನೆ ಎಲ್ಲಿಂದ ಬರಬೇಕು?

ನಾರಾದ ಬೀದಿಗಳಲ್ಲೇ ಅಡ್ಡಾಡಿಕೊಂಡಿರುವ ಜಿಂಕೆಗಳು ಅಮ್ಮನ ಸೆರಗು ಹಿಡಿದು ಜಗ್ಗಿದ್ದರಿಂದ ದಾರಿಯಲ್ಲಿ ತಡವಾಯಿತು. ಗುಡಿಯ ಮೆಟ್ಟಿಲು ಹತ್ತುವಾಗ ಮುಚ್ಚುವ ಹೊತ್ತು ಹತ್ತಿರವಾಗಿತ್ತು. ಬಾಗಿಲಲ್ಲಿ ನಿಂತು ಅಮ್ಮ ಒಳಗಿನ ಕತ್ತಲನ್ನೂ ಅದರಲ್ಲಿ ಮಸುಕಾಗಿ ಕಾಣುತ್ತಿದ್ದ ದೊಡ್ಡ ಮುಖವನ್ನೂ ನೋಡಿದಳು. ಪಕ್ಕಕ್ಕೆ ಸರಿದು ಬಗ್ಗಿ ಶೂಸ್ ಬಿಚ್ಚತೊಡಗಿದಳು.

"ಅಮ್ಮ, ಇಲ್ಲಿ ಬಿಚ್ಚೋದು ಬೇಡ. ನೋಡು, ಎಲ್ಲರೂ ಹಾಕ್ಕೊಂಡೇ ಹೋಗ್ತಿದ್ದಾರೆ."

"ಅವರು ಹೋಗ್ಲಿ ಬಿಡು. ನಾನು ಹೇಗೆ ಹೋಗಲಿ?"

"ಚಳಿ ಇದೆ. ಕಲ್ಲು ತಣ್ಣಗಿದೆ."

"ಸಾಕ್ಸ್ ಇದೆಯಲ್ಲ." ಶೂಸ್ ಜೋಡಿಯನ್ನು ಒತ್ತಟ್ಟಿಗೆ ಇಟ್ಟಳು. ಸುತ್ತ ನೋಡಿದಳು. ಗೂಡಿಲ್ಲ, ಚೀಲವಿಲ್ಲ. ಇನ್ನೊಬ್ಬರ ಒಂದು ಜೋಡಿಯೂ ಅಲ್ಲಿರಲಿಲ್ಲ. ಅವಳ ಮುಖ ಸಣ್ಣಗಾಯಿತು. "ಇಲ್ಲಿ ಯಾರಾದ್ರೂ ಒಬ್ಬರು ಇರ್ಬೇಕಲ್ಲೇ. ಸರಿ, ನೀನು ಹೋಗಿ ಫೋಟೋ ತೆಕ್ಕೊಂಡು ಬಾ. ನಿಂಗೆ ಅದು ಬೇಕಿತ್ತಲ್ಲ" ಎಂದು ಮೆಟ್ಟಿಲ ಮೇಲೆ ಕೂರಲು ಹೋದಳು.

ಇಬ್ಬರೂ ಒಬ್ಬರ ನಂತರ ಒಬ್ಬರು ಹೋಗಿಬರುವಷ್ಟು ಹೊತ್ತು ಉಳಿದಿರಲಿಲ್ಲ. ಬೆಳಕು ಆಗಲೇ ನಾನು ಅಂದುಕೊಂಡಿದ್ದ ಓರೆಯಲ್ಲಿ ಒಳಗೆ ಬೀಳುತ್ತಿತ್ತು. ಜನ ಹೊರಗೆ ಬರುತ್ತಿದ್ದರು. ನನ್ನ ಕೈ ತಾನಾಗಿ ಕ್ಯಾಮೆರಾದ ಮೇಲೆ ಹೋಯಿತು, ಅದನ್ನೇನು ಮುಚ್ಚಿಡುವುದು. ಆದರೆ ಅಮ್ಮ ಬಾಗಿಲ ಕಡೆ ನೋಡಿದ್ದನ್ನು ನಾನು ಕಂಡಿದ್ದೆ. "ನೀನು ಹೋಗಮ್ಮ. ನಾನಿರ್ತೀನಿ" ಎಂದು ಅವಳ ತೋಳು ಹಿಡಿದು ಎಬ್ಬಿಸಿ ಒಳಗೆ ಕಳಿಸಿದೆ.

ಕ್ಯಾಮೆರಾವನ್ನು ಚೀಲದೊಳಗೆ ಹಾಕಿ ಮೆಟ್ಟಿಲ ಮೇಲೆ ಕೂತೆ. ಸುತ್ತಲಿನವರು ಶೂಸ್ ಕಾಯುತ್ತಿರುವ ನನ್ನನ್ನು ನೋಡಿಕೊಂಡು ಹೋದರು. ಬಾಗಿಲು ಮುಚ್ಚುವವರು ಬಂದು ವಿನಯವಾಗಿ ಏನೋ ಹೇಳಿದಾಗಲಷ್ಟೇ ಅಮ್ಮ ಹೊರಗೆ ಬಂದಳು. ಬುದ್ಧ ಹೇಗಿದ್ದ ಎಂದು ಕೇಳಿದೆ. "ಚೆನ್ನಾಗಿದ್ದಾನೆ" ಎಂದಳು. ರೈಲಿನಲ್ಲಿ ದಾರಿಯುದ್ದಕ್ಕೂ ಕಿಟಕಿಯಾಚೆಗೇ ನೋಡುತ್ತ ಕೂತಳು. ಕಾಲು ತಣ್ಣಗಾಗಿ ಸುಸ್ತಾಗಿರಬೇಕು ಎಂದುಕೊಂಡೆ.

ಜಪಾನಿನಿಂದ ನೇರವಾಗಿ ಸಿಡ್ನಿಗೆ ಬಂದಿಳಿದೆವು. ತಮ್ಮನ ಮನೆಯಲ್ಲಿ ಎರಡು ದಿನ ಇದ್ದು, ಅಮ್ಮನನ್ನು ಕರೆದುಕೊಂಡು ಮೆಲ್ಬರ್ನ್‌ಗೆ ಹೋಗುವುದು ನನ್ನ ಯೋಜನೆ. ಮೊದಲ ಸಂಜೆಯೇ ಬಿಸಿಬೇಳೆಬಾತ್ ತಟ್ಟೆಗಳನ್ನು ಹಿಡಿದು ಎಲ್ಲರೂ ಟಿವಿ ಮುಂದೆ ಕೂತರು. ನಾನು ಫೋಟೋಗಳನ್ನು ಒಂದೊಂದಾಗಿ ಹಾಕುತ್ತಾ, ಯಾವ ಕಾಲದ ಮರ, ಯಾವ ದಿಕ್ಕಿನ ಬೆಳಕು ಎಂದು ವಿವರಿಸುತ್ತಾ ಹೋದೆ. ತಮ್ಮ ಆಕಳಿಸಿದರೂ ನಾನು ಬಿಡಲಿಲ್ಲ.

ತಮ್ಮನ ಮಗಳಿಗೆ ಹದಿನಾರು. ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ. ಅವಳು, "ಆಂಟಿ, ವೇರ್ ಈಸ್ ಅಜ್ಜಿ?" ಎಂದಳು.

"ಅಜ್ಜಿ ಹೊರಗಡೆ ಇದ್ರು ಪುಟ್ಟ."

"ಎವೆರಿ ಟೈಮ್?"

ತಮ್ಮ ಒಮ್ಮೆಗೇ ಎಚ್ಚರವಾದ. "ಅಲ್ಲಕ್ಕ, ನೀನು ಕರ್ಕೊಂಡು ಹೋಗಿದ್ದು ಅಮ್ಮನ್ನೋ ಕ್ಯಾಮೆರಾನೋ? ದೊಡ್ಡ ಬುದ್ಧ ಅಂತ ಅಷ್ಟು ಹೇಳ್ತಿದ್ದೆಯಲ್ಲ, ಅದಾದ್ರೂ ತೋರಿಸು."

"ಅದು ನನ್ನ ಹತ್ರ ಇಲ್ಲ" ಎಂದೆ.

"ನನ್ನ ಹತ್ರ ಇದೆ. ಒಂದೇ ಒಂದು ತೆಗೆದೆ" ಎಂದು ಅಮ್ಮ ತನ್ನ ಫೋನನ್ನು ಮೊಮ್ಮಗಳ ಕೈಗೆ ಕೊಟ್ಟಳು. ಅದು ನನಗೂ ಹೊಸ ಸುದ್ದಿ. ಹುಡುಗಿ ಅದನ್ನು ಟಿವಿಗೆ ಹಾಕಿದಳು.

ಫೋಟೋ ವಾಲಿಕೊಂಡಿತ್ತು. ಸುತ್ತ ಕತ್ತಲು, ನಡುವೆ ಬೆಳ್ಳಗೆ ತೆರೆದ ಬಾಗಿಲು. ಬಾಗಿಲಾಚೆ ಮೆಟ್ಟಿಲ ಮೇಲೆ, ಪಕ್ಕದಲ್ಲಿ ಒಂದು ಜೊತೆ ಶೂಸ್ ಇಟ್ಟುಕೊಂಡು, ಕೈ ಕಟ್ಟಿ ಒಬ್ಬಳು ಕೂತಿದ್ದಳು. ಅದು ನಾನು. ಬುದ್ಧ ಎಲ್ಲೂ ಇರಲಿಲ್ಲ.

ನನಗೆ ತಕ್ಷಣ ಹೊಳೆದದ್ದು ಒಂದೇ. ಗರ್ಭಗುಡಿಯಿಂದ ಬರುವಾಗ ಹಿಂದೆ ಹಿಂದೆಯೇ ಹೆಜ್ಜೆ ಇಟ್ಟು ಬರಬೇಕೆಂದು ನಮಗೆಲ್ಲ ಕಲಿಸಿದವಳು ಅಮ್ಮ. ಈ ಫೋಟೋ ತೆಗೆಯಲು ಅವಳು ಬುದ್ಧನಿಗೆ ಬೆನ್ನು ಹಾಕಿ ನಿಂತಿದ್ದಳು.

"ಅಮ್ಮ, ಅಷ್ಟು ದೊಡ್ಡ ದೇವರನ್ನ ಬಿಟ್ಟು ಇವಳದ್ದು ತೆಗೆದ್ಯಾ?" ಎಂದು ತಮ್ಮ ನಕ್ಕ.

ಅಮ್ಮ ನಗಲಿಲ್ಲ. "ಅವನನ್ನ ಕಣ್ತುಂಬ ನೋಡಿದೆ ಕಣೋ. ಆಮೇಲೆ ಇವಳು ಏನು ಮಾಡ್ತಿದ್ದಾಳೆ ಅಂತ ತಿರುಗಿದೆ. ನಾನೇ ಅಲ್ಲಿ ಕೂತ ಹಾಗಿತ್ತು." ನನ್ನ ಕಡೆ ನೋಡಿದಳು. "ಅಲ್ಲೇ ತೀರ್ಮಾನ ಮಾಡಿದೆ. ನಾನು ಸಿಡ್ನಿಲಿ ಇರ್ತೀನಿ."

ತಮ್ಮ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟ.

"ಯಾಕಮ್ಮ? ನನ್ನ ಮನೇಲಿ ಏನು ಕಡಿಮೆ ಆಯ್ತು?"

"ಏನೂ ಕಡಿಮೆ ಇಲ್ಲ. ಪಾಯಿಂಟ್ ಕುಕ್‌ನಲ್ಲಿ ಕಾರಿಲ್ದೆ ನಾನು ಎಲ್ಲಿಗೂ ಹೋಗಕ್ಕಾಗಲ್ಲ. ಡಾಕ್ಟರ್ ಹತ್ರ ಹೋದ್ರೂ, ದೇವಸ್ಥಾನಕ್ಕೆ ಹೋದ್ರೂ, ಭಜನೆಗೆ ಹೋದ್ರೂ ನೀನು ರಜ ಹಾಕಿ ಕರ್ಕೊಂಡು ಹೋಗಿ ಕಾರಲ್ಲಿ ಕೂತಿರ್ತೀಯ. ಇಲ್ಲಿ ಕೆಳಗಿಳಿದ್ರೆ ಮೆಟ್ರೋ. ನನ್ನ ಪಾಡಿಗೆ ನಾನು ಹೋಗಿ ಬರ್ತೀನಿ."

ನನಗೆ ಸಿಟ್ಟು ಬಂತು, ಅದರ ಬೆನ್ನಿಗೇ ಅಳು ಬಂತು. ತಮ್ಮನ ಮುಂದೆ ಅಳುವ ಪೈಕಿಯಲ್ಲ ನಾನು. ಆದರೂ ಕಣ್ಣು ಕೇಳಲಿಲ್ಲ. "ನಾನೇನಾದ್ರೂ ಕಷ್ಟ ಅಂದ್ನಾ ಅಮ್ಮ? ಹೊರಗೆ ಕೂತಿರೋದು ನಂಗೇನೂ ಬೇಜಾರಿಲ್ಲ. ನಿಜವಾಗ್ಲೂ ಇಲ್ಲ."

ಅಮ್ಮ ಎದ್ದು ಬಂದು ನನ್ನ ಪಕ್ಕದಲ್ಲಿ ಕೂತಳು. ನನ್ನ ಕೈಯಿಂದ ರಿಮೋಟ್ ತೆಗೆದು ಕೆಳಗಿಟ್ಟಳು.

"ನಾನೂ ನಿಮ್ಮಪ್ಪಂಗೆ ಹಾಗೇ ಹೇಳ್ತಿದ್ದೆ" ಎಂದಳು.