ಕಂಬಳಿ ಹೊದ್ದ ಬಾಳೆ

ಬೀದಿಯವರು ಅವನನ್ನು ಗುಡುಗು ಅಂತ ಕರೆಯುತ್ತಿದ್ದರು, ಅದೂ ಅವನು ಎದುರಿಗಿಲ್ಲದಾಗ. ಮಾಂಸದಂಗಡಿಯ ಕಟುಕ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಲ್ಲಿಂದ ಕೈಗೆ ಇಳಿಯಲು ಅದಕ್ಕೆ ಹೊತ್ತೇ ಬೇಕಿರಲಿಲ್ಲ. ಅಂಗಡಿಯಲ್ಲಿ ತಕ್ಕಡಿ ಹಿಡಿಯುತ್ತಿದ್ದವಳು ಅವನ ಅಕ್ಕ, ತಾಯಿಯಿಲ್ಲದ ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಈಗ ಅವನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಅವಳ ಹೆಗಲು ತಾನಾಗಿ ಮುದುರಿಕೊಳ್ಳುತ್ತಿತ್ತು.

ಇಂಥವನಿಗೆ ಹಿಡಿದ ಹುಚ್ಚು ಯಾವುದು ಗೊತ್ತೇ? ಬಾಳೆ! ಚಳಿಗಾಲದಲ್ಲಿ ನೀರೇ ಕಲ್ಲಾಗುವ ಊರು ಅದು. ಅಲ್ಲಿ ಬಯಲಲ್ಲಿ ನಿಂತು ಬದುಕುವ, ಬಾಯಿಗೂ ರುಚಿಸುವ ಬಾಳೆಯನ್ನು ತಾನೇ ಹುಟ್ಟಿಸುತ್ತೇನೆಂದು ಅವನ ಹಟ. ಚಳಿಗೆ ಜಗ್ಗದ ಕಾಡುಬಾಳೆಯೊಂದಿತ್ತು, ಆದರೆ ಅದರ ಹಣ್ಣಿನ ತುಂಬ ಹಲ್ಲು ಮುರಿಯುವಂಥ ಬೀಜ. ಅದರ ಹೂವಿನ ಪರಾಗವನ್ನು ಕುಂಚದಲ್ಲಿ ತೆಗೆದು, ಗಾಜಿನ ಕೋಣೆಯಲ್ಲಿ ಬೆಳೆಸಿದ ತಿನ್ನುವ ಬಾಳೆಯ ಹೂವಿಗೆ ಸವರುತ್ತಿದ್ದ. ಎಲುಬು ಒಡೆಯುವ ಆ ಕೈ ಆಗ ಎಷ್ಟು ಹಗುರ! ಗೊನೆ ಹಣ್ಣಾದ ಮೇಲೆ ಒಂದೊಂದೇ ಹಣ್ಣು ಕಿವುಚಿ ಹುಡುಕಿ, ಒಂದೆರಡು ಬೀಜ ಸಿಕ್ಕರೆ ಪುಣ್ಯ.

ಆ ಬೀಜ ಬಿತ್ತಿ, ಸಸಿ ಮೊಳಕಾಲುದ್ದ ಬೆಳೆದ ಮೇಲೆ ಪರೀಕ್ಷೆ. ಮಾಂಸ ತೂಗುಹಾಕುವ ಕೋಲ್ಡ್ ರೂಮಿನಲ್ಲಿ, ಕೊಕ್ಕೆಗಳ ಕೆಳಗೆ ಇಡೀ ರಾತ್ರಿ. ಬೆಳಿಗ್ಗೆ ಜೋತುಬಿದ್ದವನ್ನು ಮಾಂಸ ಕೊಚ್ಚುವ ದಿಮ್ಮಿಯ ಮೇಲಿಟ್ಟು ಮಚ್ಚಿನಿಂದ ಕತ್ತರಿಸುತ್ತಿದ್ದ. ಎಲ್ಲವೂ ಸತ್ತ ವರ್ಷ ಆ ಸಿಟ್ಟು ಮನುಷ್ಯರ ಕಡೆ ತಿರುಗುತ್ತಿತ್ತು. ಒಂದು ವರ್ಷ ಐಸು ತರುವವನ ದವಡೆ ಮುರಿಯಿತು. ಮರುವರ್ಷ ಅಕ್ಕನ ಪಕ್ಕೆಲುಬು.

ಮತ್ತೆ ಏಟು ತಿನ್ನಲು ಅಕ್ಕನ ಮೈಯಲ್ಲಿ ಕಸುವಿರಲಿಲ್ಲ. ಕೋಲ್ಡ್ ರೂಮಿನ ಬಾಗಿಲು ಹಾಕುವ ಕೆಲಸ ಅವಳದೇ. ಮುಂದಿನ ಪರೀಕ್ಷೆಯಲ್ಲಿ ಒಂದು ಸಸಿಗೆ ಬಿಸಿನೀರಿನ ಬಾಟಲಿ ಒತ್ತಿಟ್ಟು ಗೋಣಿಚೀಲ ಸುತ್ತಿದಳು, ಅವನು ಏಳುವ ಮುಂಚೆ ಬಿಚ್ಚಿದಳು. ಅದು ಹಚ್ಚಹಸಿರಾಗಿ ನಿಂತಿತ್ತು. ಏನನ್ನೂ ಹೊದಿಸದ ಇನ್ನೊಂದು ಸಸಿಯೂ, ಎಲೆಯಂಚು ಕಂದಿದ್ದರೂ, ಕತ್ತು ಬಗ್ಗಿಸದೆ ನಿಂತಿತ್ತು. ಚಳಿಯನ್ನು ನಿಜವಾಗಿ ಗೆದ್ದದ್ದು ಅದೇ ಎಂದು ಗೊತ್ತಿದ್ದುದು ಅಕ್ಕನಿಗೆ ಮಾತ್ರ. ಗಟ್ಟಿ ಗಿಡ ಇದೇ ಎಂದರೆ ಗೋಣಿಯ ಕತೆಯೂ ಹೊರಬೀಳುತ್ತದೆ. ತಮ್ಮ ಎರಡನ್ನೂ ನೋಡಿದ. ಹಸಿರಾದುದನ್ನು ಎದೆಗವಚಿಕೊಂಡ, ಕಂದಿದ್ದನ್ನು ಮಿಕ್ಕವುಗಳ ಜೊತೆ ಕೊಚ್ಚಿ, ಗೆಡ್ಡೆಗಳನ್ನೆಲ್ಲ ಹಿತ್ತಲ ಗೋಡೆಯತ್ತ ಎಸೆದ.

ಆರಿಸಿದ ಸಸಿ ಹಿತ್ತಲ ನಡುವೆ ಆಳೆತ್ತರ ಬೆಳೆಯಿತು. ಚಳಿಗಾಲ ಬಂತು. ದಿನಾ ಅವನು ಮಲಗಿದ ಮೇಲೆ ಅಕ್ಕ ಏಣಿ ಹತ್ತಿ ಗಿಡಕ್ಕೆ ಕಂಬಳಿ ಹೊದಿಸುತ್ತಿದ್ದಳು, ಅವನು ಏಳುವ ಮೊದಲು ತೆಗೆಯುತ್ತಿದ್ದಳು. ಹೆತ್ತ ಮಗುವಿಗೂ ಯಾರೂ ಇಷ್ಟು ಚಾಕರಿ ಮಾಡಿರಲಾರರು. ಅವನೋ, ಬಂದ ಗಿರಾಕಿಗೆಲ್ಲ ಗಿಡ ತೋರಿಸಿ ಮೀಸೆ ತಿರುವುತ್ತಿದ್ದ.

ಎದುರಂಗಡಿಯ ದರ್ಜಿಗೆ ನಾಲಿಗೆ ಸುಮ್ಮನಿರದು. ಹಣ್ಣು ಬರುವುದು ಯಾವಾಗ, ನಿನ್ನ ಮೊಮ್ಮಕ್ಕಳ ಮದುವೆಗೋ ಎಂದು ಕಿಚಾಯಿಸಿದ. ಗುಡುಗು ದಿಮ್ಮಿಯ ಮೇಲಿದ್ದ ತೊಡೆಯೆಲುಬನ್ನೇ ಎತ್ತಿ ಅವನ ಬಾಯಿಗೆ ಬಾರಿಸಿದ. ಹಲ್ಲು ಉದುರಿದವು. ನೆಲದ ಮೇಲೆ ಕುರಿಯ ರಕ್ತ ಯಾವುದು, ದರ್ಜಿಯ ರಕ್ತ ಯಾವುದು ಹೇಳುವಂತಿರಲಿಲ್ಲ. ಅಕ್ಕ ಅಡ್ಡ ಬಂದಳು. ಬೇಡ ತಮ್ಮಾ, ಬೇಡ ಎಂದು ಅವಳು ಕೂಗುತ್ತಿದ್ದ ಹಾಗೆಯೇ ಅವಳ ಮುಂಗೈ ಹಿಡಿದು ತಿರುಚಿದ. ಲಟಕ್ಕನೆ ಮುರಿಯಿತು.

ಆ ದಿನ ಒಂಟಿ ಕೈಯಲ್ಲಿ ಅಕ್ಕನಿಗೆ ಏಣಿ ಹತ್ತಲಾಗಲಿಲ್ಲ. ಆ ರಾತ್ರಿಯೇ ಹಿಮ ಬಿತ್ತು. ಬೆಳಿಗ್ಗೆ ಬಾಳೆ ಬೆಂದ ಸೊಪ್ಪಿನಂತೆ ಕಪ್ಪಾಗಿ ಕುಸಿದಿತ್ತು. ಅವನು ಮಚ್ಚು ತಂದು ಕೊಚ್ಚಿದ. ಗೆಡ್ಡೆಯನ್ನೂ ಬಿಡದೆ, ರಸ ಮುಖಕ್ಕೆಲ್ಲ ಸಿಡಿಯುವ ಹಾಗೆ ಕೊಚ್ಚಿ, ಅದೇ ಮಚ್ಚು ಹಿಡಿದು ಅಕ್ಕನ ಕಡೆ ತಿರುಗಿದ.

ಅಕ್ಕ ಹಿತ್ತಲ ಗೋಡೆಯ ಬಳಿ, ಮುರಿದ ಪೆಟ್ಟಿಗೆಗಳ ಹಿಂದೆ ನಿಂತಿದ್ದಳು. ಎಡಗೈಯಲ್ಲಿ ದಿಮ್ಮಿ ತೊಳೆಯಲು ಕಾಯಿಸಿದ್ದ ಕುದಿನೀರಿನ ಕೆಟಲು. ಕಾಲ ಬಳಿ ಒಂದು ಬಾಳೆಗಿಡ. ಹೋದ ವರ್ಷ ಅವನು ಎಸೆದ ಗೆಡ್ಡೆಯೊಂದು ಯಾರ ಕಣ್ಣಿಗೂ ಬೀಳದೆ ಅಲ್ಲೇ ಚಿಗುರಿತ್ತು. ಅವಳೂ ಕಂಡದ್ದು ಅಂದು ಬೆಳಿಗ್ಗೆಯೇ. ಅದೇ ಹಿಮ ಇದರ ಮೇಲೂ ಬಿದ್ದಿತ್ತು. ಎಲೆಯಂಚು ಮಾತ್ರ ಕಂದಿತ್ತು.

ಬಾಟಲಿ, ಗೋಣಿ, ಕಂಬಳಿ, ಎಲ್ಲವನ್ನೂ ಅವಳು ದನಿ ಏರಿಸದೆ ಹೇಳಿದಳು, ಕೆಟಲನ್ನು ಆ ಗಿಡದ ಮೇಲೆ ಹಿಡಿದುಕೊಂಡೇ.

“ನಿಜವಾದ ಗಿಡ ಇದು. ನಿನ್ನ ಏಟಿಗೆ ಹೆದರಿ ನಾನು ಬಾಯಿ ಬಿಡಲಿಲ್ಲ, ನೀನು ಕೊಚ್ಚಿಹಾಕಿದೆ. ಆದ್ರೂ ಸಾಯಲಿಲ್ಲ ನೋಡು.”

ಅವನ ಕೈಯಿಂದ ಮಚ್ಚು ಜಾರಿತು. ಹುಟ್ಟಿದಂದಿನಿಂದ ಯಾರನ್ನೂ ಬೇಡದವನು ಮೊಣಕಾಲೂರಿದ.

“ಅಕ್ಕಾ, ಬೇಡ. ನಿನ್ನ ಕಾಲಿಗೆ ಬೀಳ್ತೀನಿ.”

“ನಿನ್ನೆ ನಾನೂ ಬೇಡ ಅಂದಿದ್ದೆ.”

ಕೆಟಲನ್ನು ಬಗ್ಗಿಸಿದಳು. ಸುರುಳಿ ಎಲೆಯಿಂದ ಗೆಡ್ಡೆಯವರೆಗೆ, ಪೂರ್ತಿ ಬರಿದಾಗುವ ತನಕ ಸುರಿದಳು. ತಮ್ಮ ಮುನ್ನುಗ್ಗಿ ಬರಿಗೈಯಲ್ಲಿ ಆ ಕೆಸರನ್ನು ಬಗೆಯತೊಡಗಿದ. ಬೆರಳ ಚರ್ಮ ಸುಲಿದು ಬಂದರೂ ಅವನು ಬಗೆಯುತ್ತಲೇ ಇದ್ದ. ಅಕ್ಕ ಕೆಟಲನ್ನು ಅಲ್ಲೇ ಬಿಟ್ಟು ಅಂಗಡಿಯ ಬಾಗಿಲು ತೆರೆಯಲು ಹೋದಳು.