ಕಾಫಿ ಬ್ಯಾಡ ಅನ್ನುವ ವಿಜ್ಞಾನ

ಹೇಳಿದರೆ ನೀವು ನಂಬೋದಿಲ್ಲ. ಕೊಪ್ಪದ ನಮ್ಮ ಸೈಕಾಲಜಿ ಮೇಷ್ಟ್ರು ವಿಜ್ಞಾನಕ್ಕಾಗಿ ದಾರಿಹೋಕರನ್ನೆಲ್ಲ ಕರೆದು ಕಾಫಿ ಕುಡಿಸುತ್ತಿದ್ದರು. ಯಾರೇ ಆಗಲಿ ಎರಡು ಸಲ ‘ಬ್ಯಾಡ’ ಅಂದು ಮೂರನೇ ಸಲ ಲೋಟಕ್ಕೆ ಕೈ ಚಾಚುತ್ತಾರೆ ಎಂಬುದು ಅವರ ನಿಯಮ. ಚಾಚಿದ ಕೂಡಲೇ ಕುರ್ಚಿಯಿಂದ ಹಾರಿ, ಲೆಕ್ಕ ಬರೆಯಲು ಕೂತ ನನಗೆ, “ಬರ್ಕೋ ಮಾರಾಯ, ಸಾಬೀತು!” ಎನ್ನುತ್ತಿದ್ದರು. ಹೆದರಿದ ಪೋಸ್ಟ್‌ಮ್ಯಾನ್ ಕಾಗದಗಳನ್ನು ಬೇಲಿಯಾಚೆಯಿಂದಲೇ ಎಸೆಯತೊಡಗಿದ.

ನನಗೆ ಕಾಲೇಜಿನಲ್ಲಿ ಸೈಕಾಲಜಿ ಓದುವಾಸೆ. ಅಪ್ಪ ಮಾತ್ರ, “ಅದೆಂತ ಸೈನ್ಸು? ಆ ನಿಯಮ ನನ್ ಮೇಲೆ ನಡೆದ್ರೆ ತಗೊ,” ಎಂದಿದ್ದರು.

ಭಾನುವಾರ ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟು, ಫ್ಲಾಸ್ಕ್ ತುಂಬ ಕಾಫಿ ಇಟ್ಟುಕೊಂಡು ಅಪ್ಪನಿಗಾಗಿ ಕಾದರು. ನಾನು ಪೆನ್ನು ಹಿಡಿದು ಕೂತೆ.

ಒಳಗೆ ಬಂದ ಅಪ್ಪ ಕುರ್ಚಿ ಎಳೆದುಕೊಂಡು ಹೇಳಿದರು: “ಮೇಷ್ಟ್ರೇ, ಮೊದ್ಲು ಒಂದು ಲೋಟ ಕಾಫಿ ಕೊಡಿ.”